ಪದಚರ್ಚೆ: ಬೆಳಕನ್ನು ‘ಹೀರುವುದೋ’, ‘ಇಂಗಿಸುವುದೋ’? (ಸಂಜೆಯೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ. ನಾಡಿದ್ದು ನಮ್ಮ ಕಾಲೇಜಿನಲ್ಲಿ ವಿಜ್ಞಾನ ಪ್ರದರ್ಶನ. ಬೋರ್ಡ್ ಬರೆಯುವವರಿಗೆ ಇವತ್ತು ಆರು ಗಂಟೆಗೆ ಮಜಕೂರು ಕೊಡಬೇಕು.

ಮೇಜಿನ ಮೇಲೆ ಎರಡು ಬಾಟಲಿ. ಎರಡರಲ್ಲೂ ಪೊಟ್ಯಾಸಿಯಂ ಅಯೋಡೈಡ್ ಕರಗಿಸಿದ ನೀರು, ಜೊತೆಗೆ ಚೂರು ಆಮ್ಲ. ಕಂದು ಬಾಟಲಿ ಬಿಗಿಯಾಗಿ ಮುಚ್ಚಿಟ್ಟದ್ದು, ಹೆಚ್ಚುಕಡಿಮೆ ನೀರಿನ ಬಣ್ಣವೇ ಇದೆ. ಇನ್ನೊಂದನ್ನು ಬಾಯಿ ತೆರೆದು ಕಿಟಕಿಯಲ್ಲಿಟ್ಟಿದ್ದೆ. ಹಳದಿಯಾಗಿದೆ. ಗಾಳಿಯ ಆಮ್ಲಜನಕ ಅಯೋಡೈಡಿನಿಂದ ಎಲೆಕ್ಟ್ರಾನ್ ಕಿತ್ತುಕೊಂಡು ಅಯೋಡಿನ್ ಮಾಡುತ್ತದೆ. ಬೆಳಕು, ಆಮ್ಲ ಇದ್ದರೆ ಕೆಲಸ ಬೇಗ. ಆ ಅಯೋಡಿನ್ ಉಳಿದ ಅಯೋಡೈಡಿನ ಜೊತೆ ಸೇರಿ ಟ್ರೈಅಯೋಡೈಡ್ ಆಗುತ್ತದೆ. ಅಯೋಡೈಡ್ ಹೀರುವ ಬೆಳಕಿನ ಅಲೆಯುದ್ದ 226 ನ್ಯಾನೋಮೀಟರ್ ಆಸುಪಾಸಿನದು, ನಮ್ಮ ಕಣ್ಣಿಗೆ ಕಾಣದ್ದು. ಟ್ರೈಅಯೋಡೈಡಿನದು 288 ಮತ್ತು 350ರ ಹತ್ತಿರ. ಆದರೆ ಅದು ಹೀರುವ ವ್ಯಾಪ್ತಿಯ ಬಾಲ ನೇರಳೆ, ನೀಲಿಯವರೆಗೂ ಚಾಚುತ್ತದೆ. ನೀಲಿ ಹೋದರೆ ಕಾಣುವುದು ಹಳದಿ.

ತೊಡಕು ಇಲ್ಲಿದೆ. ನನ್ನ ಕರಡಿನಲ್ಲಿ ಬೆಳಕಿಗೂ ‘ಹೀರು’, ಆಮ್ಲಜನಕಕ್ಕೂ ‘ಹೀರು’. ಮಕ್ಕಳು ಎರಡೂ ಒಂದೇ ಅಂದುಕೊಳ್ಳುತ್ತಾರೆ. ಬೆಳಕಿಗೆ ಬೇರೆ ಪದ ಇದೆಯಾ? ಮರಾಠಿ ಸಹೋದ್ಯೋಗಿ ‘ಶೋಷಣ’ ಅಂತಾರೆ. ಕನ್ನಡದಲ್ಲಿ ‘ಬೆಳಕಿನ ಶೋಷಣೆ’ ಅಂತ ಬರೆದರೆ ಯಾರಾದರೂ ಧರಣಿ ಕೂತಾರು.
— ಬೆಳಗಾವಿ

ಮೇಡಂ, ‘ಇಂಗಿಸು’ ಅನ್ನಿ. ಅರಿವೆ ಹೀರಿದ ನೀರು ಹಿಂಡಿದರೆ ವಾಪಸ್ ಬರುತ್ತದೆ. ನಮ್ಮ ಎರೆ ಹೊಲದಲ್ಲಿ ಇಂಗಿದ ಮಳೆ ಹಾಗೆ ಕೈಗೆ ಸಿಗುವುದಿಲ್ಲ. ಬೆಳಕೂ ಹಾಗೇ ಅಲ್ವಾ? ಒಳಗೆ ಹೋದ ಮೇಲೆ ಬೆಳಕಾಗಿ ಉಳಿಯುವುದಿಲ್ಲ. ಇಂಗುಗುಂಡಿ ಎಲ್ಲರಿಗೂ ಗೊತ್ತಿರುವ ಮಾತು.
— ವಿಜಯಪುರ

ಒಪ್ಪುವುದಿಲ್ಲ. ಇಂಗುವುದು ತಾನಾಗಿ ಆಗುವಂಥದ್ದು. ಅದಕ್ಕೆ ‘ಇಸು’ ಹಚ್ಚಿದರೆ ಅಯೋಡೈಡ್ ಗುಂಡಿ ತೋಡಿ ಕೂತಂತಾಯಿತು. ‘ಹೀರು’ ಹಳಗನ್ನಡದ ‘ಪೀರ್’. ಅಂಥ ಪದವನ್ನು ಬಿಡಬಾರದು. ಬದಲಿಸುವುದಿದ್ದರೆ ‘ಆಮ್ಲಜನಕ’ ಬದಲಿಸಿ. ಎಲ್ಲ ಆಮ್ಲಕ್ಕೂ ಇದೇ ಮೂಲ ಅಂತ, ‘ಆಕ್ಸಿಜನ್’ ಹೆಸರಿಟ್ಟ ಫ್ರೆಂಚ್ ವಿಜ್ಞಾನಿ ಲವಾಸಿಯೇ ತಪ್ಪು ತಿಳಿದಿದ್ದ. ಆ ತಪ್ಪನ್ನು ನಾವು ಸಂಸ್ಕೃತದಲ್ಲಿ ಹೊತ್ತು ತಿರುಗುತ್ತಿದ್ದೇವೆ. ನಿಮ್ಮ ಅಯೋಡೈಡಿನ ಬಂಧುವನ್ನೇ ನೋಡಿ, ಹೈಡ್ರೋಅಯೋಡಿಕ್ ಆಮ್ಲ. ಬರೀ ಹೈಡ್ರೋಜನ್, ಅಯೋಡಿನ್. ಆದರೂ ಜೋರು ಆಮ್ಲ. ‘ಉಸಿರುಗಾಳಿ’ ಅಂತ ಬರೆಯಿರಿ. ‘ಬಾಟಲಿ’ ಬೇಡ, ‘ಸೀಸೆ’ ಸಾಕು. ‘ಮಜಕೂರು’ ಅಂತೂ ಬೇಡವೇ ಬೇಡ.
— ಬಾಗಲಕೋಟೆ

ಸೀಸೆ ಫಾರಸಿಯ ‘ಶೀಶಾ’ ಸರ್.
— ವಿಜಯಪುರ

ಗೊತ್ತು. ನಾಲಿಗೆಗೆ ಒಗ್ಗಿದೆ.
— ಬಾಗಲಕೋಟೆ

ಆಮ್ಲಜನಕವೂ ಒಗ್ಗಿದೆ. ಮಜಕೂರು ನಮ್ಮಜ್ಜನ ಕಾಲದಿಂದ ಒಗ್ಗಿದೆ. ಯಾವುದು ಒಗ್ಗಿದೆ ಅಂತ ತೀರ್ಮಾನಿಸುವುದು ಬಾಗಲಕೋಟೆಯಲ್ಲಿ ಮಾತ್ರವಾ?
— ವಿಜಯಪುರ

ಆಸ್ಪತ್ರೆಗೆ ಹೋಗಿ ಬನ್ನಿ. ‘ಆಮ್ಲಜನಕ ತನ್ನಿ’ ಅಂತ ಯಾರೂ ಕೂಗುವುದಿಲ್ಲ, ‘ಆಕ್ಸಿಜನ್’ ಅಂತಾರೆ. ಪುಸ್ತಕಕ್ಕೊಂದು, ಬಾಯಿಗೊಂದು. ಇದಕ್ಕೆ ಒಗ್ಗುವುದು ಅನ್ನುವುದಿಲ್ಲ.
— ಬಾಗಲಕೋಟೆ

ಇಬ್ಬರೂ ಸ್ವಲ್ಪ ತಡೆಯಿರಿ. ಮೂವತ್ತು ವರ್ಷ ಇದೇ ಪಾಠ ಮಾಡಿದ ಮಾಸ್ತರ ನಾನು. ಮೇಡಂ ಅವರಿಗೆ ಬೆಳಕಿನ ಪದದ ತೊಂದರೆಯೇ ಇಲ್ಲ. ಆಮ್ಲಜನಕಕ್ಕೆ ‘ಹೀರು’ ಹಾಕಿದ್ದೇ ತಪ್ಪು. ಅದು ಮೊದಲು ನೀರಿನಲ್ಲಿ ಕರಗುತ್ತದೆ. ಆಮೇಲೆ ಅಯೋಡೈಡಿನ ಜೊತೆ ವರ್ತಿಸಿ ಕೊನೆಗೆ ತಾನೇ ನೀರಾಗಿ ಹೋಗುತ್ತದೆ. ನಾಲ್ಕು ಅಯೋಡೈಡಿಗೆ ಒಂದು ಆಮ್ಲಜನಕದ ಅಣು, ಎರಡು ಅಯೋಡಿನ್ ಅಣು ಬರುತ್ತವೆ. ಇದರಲ್ಲಿ ಹೀರಿದವರು ಯಾರು? ‘ಕರಗು’, ‘ವರ್ತಿಸು’ ಕೈಯಲ್ಲೇ ಇವೆ. ‘ಹೀರು’ ಬೆಳಕಿಗೆ ಇರಲಿ. ‘ಇಂಗು’ ಅಂತ ಬರೆದರೆ ಹುಡುಗರು ಒಗ್ಗರಣೆ ವಾಸನೆ ನೋಡುತ್ತಾರೆ.
— ಅಥಣಿ

ಅಥಣಿಯ ಸರ್‌ಗೆ ಶರಣು. ಬೋರ್ಡಿಗೆ ಹೀಗೆ ಕೊಟ್ಟೆ: “ಗಾಳಿಯ ಆಮ್ಲಜನಕ ಈ ನೀರಿನಲ್ಲಿ ಕರಗಿ, ಅಯೋಡೈಡಿನ ಜೊತೆ ವರ್ತಿಸಿದೆ. ಹೊಸದಾಗಿ ಹುಟ್ಟಿದ ಟ್ರೈಅಯೋಡೈಡ್ ನೀಲಿ ಬೆಳಕನ್ನು ಹೀರುತ್ತದೆ. ಅದಕ್ಕೇ ಹಳದಿ.” ಬಾಟಲಿ ಬಾಟಲಿಯಾಗಿಯೇ ಇದೆ, ಬಾಗಲಕೋಟೆಯವರು ಕ್ಷಮಿಸಬೇಕು.

ಪಕ್ಕದ ತಟ್ಟೆಯಲ್ಲಿ ಅದೇ ಹಳದಿ ನೀರಿಗೆ ಗಂಜಿ ಹಾಕಿ ನೀಲಿ ಮಾಡಿ ತೋರಿಸುತ್ತೇವೆ. ಅಲ್ಲಿ ‘ಗಂಜಿ’ ಅನ್ನಬೇಕಾ, ‘ಪಿಷ್ಟ’ ಅನ್ನಬೇಕಾ ಅಂತ ಕೇಳೋಣ ಅಂದುಕೊಂಡಿದ್ದೆ. ಬೇಡ, ಗಂಟೆ ಐದೂಮುಕ್ಕಾಲು. ಗಂಜಿ ಅಂತಲೇ ಬರೆಸಿದೆ.
— ಬೆಳಗಾವಿ