‘ಬ್ರೂವರ್ಸ್ ಯೀಸ್ಟ್’ಗೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಆಹಾರದ ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ಬ್ರೂವರ್ಸ್ ಯೀಸ್ಟ್’ ಎಂಬುದು ಮತ್ತೆ ಮತ್ತೆ ಬರುತ್ತದೆ. ಬಿಯರ್ ಹುದುಗಿದ ಮೇಲೆ ಉಳಿಯುವ ಯೀಸ್ಟನ್ನು ಒಣಗಿಸಿ ಮಾಡಿದ ಪುಡಿ ಇದು. ಜೀವ ಹೋಗಿರುವುದರಿಂದ ಹಿಟ್ಟನ್ನು ಉಬ್ಬಿಸಲಾರದು. ಬಿ ಗುಂಪಿನ ವಿಟಮಿನ್‌ಗಳಿಗಾಗಿ, ಪ್ರೋಟೀನಿಗಾಗಿ ತಿನ್ನುತ್ತಾರೆ. ಬಿಯರಿಗೆ ಹಾಕುವ ಹಾಪ್ಸ್ ಹೂವಿನ ಕಹಿ ನಾಲಿಗೆಗೆ ತಾಗುತ್ತದೆ.

‘ಹುದುಗು’ ಎಂದರೆ ಓದುಗರು ದಾರಿ ತಪ್ಪುತ್ತಾರೆ. ದೋಸೆಹಿಟ್ಟಿಗೆ ಹುದುಗು ಬಂತು ಅನ್ನುತ್ತೇವೆ, ಮಂಗಳೂರು ಕಡೆ ಸಣ್ಣ ಮಾಡುವವರು ಹಿಟ್ಟು ಹುದುಗಲೆಂದು ಶೇಂದಿ ಬೆರೆಸುತ್ತಾರೆ. ಅಲ್ಲೆಲ್ಲ ಹುದುಗು ಜೀವಂತ. ಸೂಪಿನ ಮೇಲೆ ಉದುರಿಸುವ ಪುಡಿಗೂ ಅದೇ ಹೆಸರಿಟ್ಟರೆ ಯಾರಾದರೂ ಅದನ್ನು ಬ್ರೆಡ್ಡಿನ ಹಿಟ್ಟಿಗೆ ಹಾಕಿ ರಾತ್ರಿಯಿಡೀ ಕಾಯಬೇಕಾದೀತು.

‘ಕಿಣ್ವ’ದ ಕಥೆ ಇನ್ನೂ ಸ್ವಾರಸ್ಯದ್ದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಮದ್ಯದ ಮೇಲ್ವಿಚಾರಕನ ಕುರಿತ ಸುರಾಧ್ಯಕ್ಷ ಪ್ರಕರಣದಲ್ಲಿ, ಕಿಣ್ವವೆಂದರೆ ಉದ್ದು, ಅಕ್ಕಿ ಸೇರಿಸಿ ಮಾಡುವ, ಮದ್ಯ ಹುದುಗಿಸುವ ವಸ್ತು. ಯೀಸ್ಟಿಗೆ ತೀರ ಹತ್ತಿರದ್ದು. ನಮ್ಮ ಪಠ್ಯಪುಸ್ತಕಗಳಲ್ಲಿ ಅದು ಎಂಜೈಮ್, ಅಂದರೆ ಜೀವಿಗಳೊಳಗಿನ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ವಸ್ತು, ಆಗಿ ನೆಲೆನಿಂತಿದೆ. ಎಂಜೈಮ್ ಎಂಬ ಪದಕ್ಕೂ ಗ್ರೀಕಿನಲ್ಲಿ ‘ಹುದುಗಿನೊಳಗಿರುವುದು’ ಎಂದೇ ಅರ್ಥ. 1897ರಲ್ಲಿ ಜರ್ಮನಿಯ ರಸಾಯನವಿಜ್ಞಾನಿ ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಮರಳಿನೊಂದಿಗೆ ಅರೆದು, ಹಿಂಡಿ, ಕೋಶವಿಲ್ಲದ ಆ ರಸವೊಂದೇ ಸಕ್ಕರೆಯನ್ನು ಹುದುಗಿಸಬಲ್ಲದೆಂದು ತೋರಿಸಿದ. ಅಲ್ಲಿಗೆ ಯೀಸ್ಟ್ ಬೇರೆ, ಎಂಜೈಮ್ ಬೇರೆ. ಕಿಣ್ವವನ್ನು ಈಗ ಯೀಸ್ಟಿಗೆ ಹಿಂದಿರುಗಿಸುವುದು ಸರಿಯಲ್ಲ.

ಯೀಸ್ಟ್ ಎಕ್ಸ್‌ಟ್ರ್ಯಾಕ್ಟಿಗೆ ‘ಯೀಸ್ಟ್ ಸತ್ವ’ ಎಂದು ಬರೆದುಕೊಂಡಿದ್ದೇನೆ. ಉಪ್ಪು ಬೆರೆಸಿ ಹದವಾಗಿ ಬಿಸಿ ಮಾಡಿದಾಗ ಯೀಸ್ಟ್ ತನ್ನೊಳಗಿನ ಕಿಣ್ವಗಳಿಂದಲೇ ಕರಗುತ್ತದೆ. ಯೀಸ್ಟ್ ಕೋಶಗಳ ಸಿಪ್ಪೆ ತೆಗೆದು ಗಟ್ಟಿ ಮಾಡಿದರೆ ಕಪ್ಪನೆಯ ಲೇಹ್ಯದಂಥ ಪದಾರ್ಥ. 1902ರಲ್ಲಿ ಇಂಗ್ಲೆಂಡಿನ ಬರ್ಟನ್‌ನಲ್ಲಿ ಶುರುವಾದ ಮಾರ್ಮೈಟ್ ಇದೇ. ಮುಂಬಯಿಯ ಗಿರಣಿ ಕೆಲಸದ ಬಸುರಿ ಹೆಂಗಸರ ರಕ್ತಹೀನತೆ ಮಾರ್ಮೈಟಿನಿಂದ ವಾಸಿಯಾಗುವುದನ್ನು ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ 1931ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದದ್ದು ಬಿ ಗುಂಪಿನದೇ ವಿಟಮಿನ್ ಆದ ಫೋಲಿಕ್ ಆಮ್ಲವೆಂದು ಆಮೇಲೆ ತಿಳಿಯಿತು. ‘ಸಾರ’ ಎಂದರೆ ಊಟದ ಸಾರಿನ ನೆನಪಾಗುತ್ತದೆ, ‘ಸತ್ವ’ವೇ ವಾಸಿ.

ಪುಡಿಗೆ ಮಾತ್ರ ಒಳ್ಳೆಯ ಹೆಸರು ಸಿಕ್ಕಿಲ್ಲ. ‘ಬಿಯರ್ ಯೀಸ್ಟ್’ ಅಂದರೆ ಮದ್ಯ ಮುಟ್ಟದವರು ಪುಡಿಯನ್ನೂ ದೂರವಿಟ್ಟಾರು. ‘ಮಡ್ಡಿ’, ‘ಗಸಿ’ ಎಂದರೆ ಎಸೆಯುವ ವಸ್ತುವಿನಂತೆ ಕೇಳುತ್ತದೆ. ಹೆಂಡದ ಗಡಿಗೆಯ ತಳದಲ್ಲಿ ನಿಲ್ಲುವ ಬೆಳ್ಳನೆಯ ಪದರಕ್ಕೆ ಹೆಂಡ ಇಳಿಸುವವರ ಮಾತಿನಲ್ಲಿ ಬೇರೆ ಹೆಸರಿದೆಯೇ? ಕೇಳಿದವರಿದ್ದರೆ ಊರಿನ ಹೆಸರಿನೊಡನೆ ದಯವಿಟ್ಟು ತಿಳಿಸಿ.