ಮಧುಗಿರಿ ಕಡೆಯ ತೊಟ್ಟಿ ಮನೆ: ಕಂಬದ ಬುಡ ಹುಳುಕು, ಮಾಳಿಗೆ ಸೋರಿಕೆ

ತೊಟ್ಟಿಮನೆ_ಮಧುಗಿರಿ:
ತೊಟ್ಟಿಯ ಸುತ್ತ 8 ಇಂಚಿನ ಮರದ ಕಂಬಗಳು, ಬೋದಿಗೆ (ಕಂಬದ ತಲೆಯ ಮರದ ದಿಮ್ಮಿ), ತೊಲೆ, ಜಂತೆ (ತೊಲೆ ಮೇಲಿನ ಅಡ್ಡ ಮರ), ಮೇಲೆ ಮಣ್ಣಿನ ಮಾಳಿಗೆ. ಒಂದು ಕಂಬದ ಬುಡ 9 ಇಂಚಿನಷ್ಟು ಹುಳುಕಾಗಿದೆ, ಸ್ಕ್ರೂಡ್ರೈವರ್ ಸಲೀಸಾಗಿ ಇಳಿಯುತ್ತೆ. ಅದೇ ಮೂಲೆ ಸೋರುತ್ತೆ. ಹಳೇ ಮಣ್ಣಿನ ಮೇಲೇ 4 ಇಂಚು ಕಾಂಕ್ರೀಟ್ ಹಾಕಿ, ಬುಡಕ್ಕೆ ಸಿಮೆಂಟ್ ಮೆತ್ತೋಣ ಅಂತಾರೆ ಮೇಸ್ತ್ರಿ. ಮಾಡಿಸಬಹುದಾ?

ಮರಗೆಲಸ_ಶಿರಾ:
ಎರಡೂ ಬೇಡ ಸಾರ್. 10 ಅಡಿಗೆ 10 ಅಡಿ ಜಾಗದಲ್ಲಿ 4 ಇಂಚು ಕಾಂಕ್ರೀಟ್ ಅಂದ್ರೆ 2 ಟನ್ನಿಗೂ ಮೇಲೆ ಭಾರ. ವರ್ಷಾವರ್ಷ ಸುರಿದ ಮಣ್ಣಿನ ಭಾರವೇ ಆ ಜಂತೆಗಳಿಗೆ ಸಾಕಾಗಿದೆ. ಬುಡಕ್ಕೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿದು, ಗಟ್ಟಿ ಇರೋ ಮರವೂ ಕೊಳೆಯುತ್ತೆ.

ಮೊದಲು ಮಾಳಿಗೆಯ ಹೆಚ್ಚುವರಿ ಮಣ್ಣು ಇಳಿಸಿ, ಎರಡೂ ಕಡೆಯಿಂದ ಸಮನಾಗಿ. ಆಮೇಲೆ ಕಂಬದ ಎರಡೂ ಪಕ್ಕ ತೊಲೆಗೆ ಊರುಗೋಲು ಕೊಟ್ಟು ಜಾಕಿ ಇಡಿ. ಜಾಕಿ ಕೆಳಗೆ 2 ಇಂಚಿನ ಹಲಗೆ ಇರಲಿ, ಇಲ್ಲಾಂದ್ರೆ ನೆಲ ಕುಸಿಯುತ್ತೆ. ಕಂಬದ ಮೇಲಿನ ಭಾರ ಬಿಟ್ಟರೆ ಸಾಕು, 2–3 ಮಿಲಿಮೀಟರ್. ಆಸೆಪಟ್ಟು ಇನ್ನಷ್ಟು ಎತ್ತಿದರೆ ತೊಲೆಯ ಕೂಡು ಬಿಟ್ಟುಕೊಂಡು ಗೋಡೆ ಬಿರಿಯುತ್ತೆ. ಹುಳುಕಿನ ಜೊತೆಗೆ ಅದರ ಮೇಲಿನ 3 ಇಂಚು ಗಟ್ಟಿ ಮರವನ್ನೂ ಕೊಯ್ದು ತೆಗೆದು, ಅಷ್ಟೇ ಎತ್ತರದ ಕಲ್ಲು ಕೂರಿಸಿ. ಕಲ್ಲಿನ ತಲೆ ನೀರು ನಿಲ್ಲದ ಹಾಗೆ ಅಂಚಿಗೆ ಇಳಿಜಾರಿರಲಿ.

ಗಾರೆಕೆಲಸ:
ಕೆತ್ತನೆ ಬುಡದವರೆಗೂ ಇದ್ದರೆ ಕಲ್ಲು ಹಾಕಬೇಡಿ, ನೋಟವೇ ಕೆಡುತ್ತೆ. ಅದೇ ಜಾತಿಯ ಹಳೇ ಒಣ ಮರವನ್ನು ಓರೆ ಬೆಸುಗೆಯಲ್ಲಿ (ಎರಡೂ ತುದಿ ಓರೆಯಾಗಿ ಕೊಯ್ದು) ಕೂಡಿಸಿ. ಕೂಡಿನ ಉದ್ದ ಕಂಬದ ದಪ್ಪದ ಎರಡೂವರೆಯಿಂದ ಮೂರು ಪಟ್ಟು, ನಿಮಗೆ 20–24 ಇಂಚು. ಮರದ ಗೂಟವೇ ಹೊಡೀರಿ. ಕಬ್ಬಿಣದ ಮೊಳೆ ತುಕ್ಕು ಹಿಡಿದು ಸುತ್ತಲ ಮರ ಕಪ್ಪಾಗಿ ಸಡಿಲವಾಗುತ್ತೆ.

ಮಾಳಿಗೆಗೆ ಚೌಳು ಮಣ್ಣೇ ಬೇಕು. ನೀರು ಬಿದ್ದ ತಕ್ಷಣ ಅದರ ಜೇಡಿ ಬಿಡಿಬಿಡಿಯಾಗಿ ಸಂದು ಮುಚ್ಚಿಕೊಳ್ಳುತ್ತೆ. ಚಿಟಿಕೆ ಮಣ್ಣನ್ನು ಲೋಟ ನೀರಿಗೆ ಹಾಕಿ: ಗಂಟೆಗಟ್ಟಲೆ ಕದಡಿಕೊಂಡೇ ಇದ್ದರೆ ಒಳ್ಳೇದು, ತಿಳಿಯಾದರೆ ಬೇಡ. 10 ಅಡಿಗೆ 3 ಇಂಚು ವಾಟ (ಇಳಿಜಾರು), ನೀರು ಹೊರಹೋಗುವ ದೋಣಿಯ ಕಡೆಗೆ. ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಸಂಕ್ರಾಂತಿ ಕಳೆದ ಮೇಲೆ ಕೆಲಸ ಹಿಡಿದು ಬೇಸಿಗೆ ಮಳೆಗೆ ಮುಂಚೆ ಮುಗಿಸಿ.

ತೊಟ್ಟಿಮನೆ_ಮಧುಗಿರಿ:
ಕೆತ್ತನೆ ಮೇಲ್ಗಡೆ ಮಾತ್ರ, ಹಾಗಾಗಿ ಕಲ್ಲೇ ಹಾಕಿಸ್ತೀನಿ. ಜಂತೆಯಿಂದ ಹಿಟ್ಟಿನಂಥ ಪುಡಿ ಉದುರುತ್ತೆ. ಗೆದ್ದಲಾ?

ಮರಗೆಲಸ_ಶಿರಾ:
ಅದು ಕುಟ್ಟೆ ಹುಳು. ಸೂಜಿಮೊನೆಯಷ್ಟು ತೂತು ಕಾಣಬೇಕು. ಗೆದ್ದಲಾದರೆ ಗೋಡೆ ಮೇಲೆ ಮಣ್ಣಿನ ಜಾಡು ಇರುತ್ತೆ. ಎನಾಮಲ್ ಬಣ್ಣ ಇದ್ದರೆ ಪೂರ್ತಿ ಕೆರೆದು ತೆಗೀರಿ, ಇಲ್ಲದಿದ್ದರೆ ಔಷಧಿ ಇಳಿಯಲ್ಲ. 1 ಲೀಟರ್ ಬಿಸಿನೀರಿಗೆ 30 ಗ್ರಾಂ ಬೋರಾಕ್ಸ್, 20 ಗ್ರಾಂ ಬೋರಿಕ್ ಆಸಿಡ್. ಕೈಗವಸು ಹಾಕಿ ಮೂರು ಸಲ ಬಳಿಯಿರಿ. ಮಳೆ ತಾಗಿದರೆ ತೊಳೆದುಹೋಗುತ್ತೆ, ಆದ್ದರಿಂದ ಸೋರಿಕೆ ನಿಂತ ಮೇಲೆಯೇ. ಒಣಗಿದ ನಂತರ ಅಗಸೆ ಎಣ್ಣೆ ತೆಳುವಾಗಿ ಕೊಡಿ. ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಎಸೆಯಬೇಡಿ, ತಾನಾಗೇ ಬೆಂಕಿ ಹತ್ತಿಕೊಳ್ಳುತ್ತೆ; ನೀರಲ್ಲಿ ನೆನೆಸಿಡಿ.