ಸಹಾಯ ಬೇಕು: ಜಪಾನಿನ ಹಳೆಯ ಯುದ್ಧದ ಮರದಚ್ಚಿನ ಚಿತ್ರ

ಎಲ್ಲರಿಗೂ ನಮಸ್ಕಾರ. ಟೋಕಿಯೊದಲ್ಲಿ ಕೆಲಸ ಮುಗಿಸಿ ಮುಂದಿನ ತಿಂಗಳು ಬೆಂಗಳೂರಿಗೆ ವಾಪಸ್ ಬರುತ್ತಿದ್ದೇನೆ. ಜಿಂಬೊಚೊದ ಹಳೆ ಪುಸ್ತಕದಂಗಡಿ ಸಾಲಿನಲ್ಲಿ ಸುಮ್ನೆ ಸುತ್ತುವಾಗ ಒಂದು ಮರದಚ್ಚಿನ ಚಿತ್ರ ಕೊಂಡೆ. ಮೂರು ಹಾಳೆ ಪಕ್ಕಪಕ್ಕ ಇಟ್ಟರೆ ಒಂದೇ ದೃಶ್ಯ. ಒಟ್ಟು ಅಗಲ ಸುಮಾರು 75 ಸೆಂ.ಮೀ.

ವಿಷಯ 1894-95ರ ಚೀನಾ-ಜಪಾನ್ ಯುದ್ಧ. ಕತ್ತಲ ಸಮುದ್ರ, ಉಕ್ಕಿನ ಹಡಗು, ಸರ್ಚ್‌ಲೈಟ್‌ನ ಬೆಳಕು. ಆ ಕಾಲದ ಜಪಾನಿ ಚಿತ್ರಕಾರ ಕೊಬಾಯಾಶಿ ಕಿಯೊಚಿಕಾನ ಶೈಲಿ ಅನ್ನಿಸುತ್ತದೆ. ಕತ್ತಲು-ಬೆಳಕಿನ ಆಟದಲ್ಲಿ ಅವನದು ಎತ್ತಿದ ಕೈ ಅಲ್ವಾ? ಆಗ ಇಂಥ ಚಿತ್ರಗಳು ಯುದ್ಧದ ಸುದ್ದಿಯಂತೆಯೇ ಮಾರಾಟವಾಗುತ್ತಿದ್ದವು. ಬರೆದವರಲ್ಲಿ ಹೆಚ್ಚಿನವರು ರಣರಂಗ ನೋಡಿದವರೇ ಅಲ್ಲ, ಪತ್ರಿಕೆ ಓದಿ ಊಹಿಸಿ ಬರೆದವರು. ಹತ್ತು ವರ್ಷದ ನಂತರ ರಷ್ಯಾ ಯುದ್ಧದ ಹೊತ್ತಿಗೆ ಫೋಟೊ, ಪೋಸ್ಟ್‌ಕಾರ್ಡ್ ಬಂದು ಇವಕ್ಕೆ ಗಿರಾಕಿ ಕಡಿಮೆಯಾದರು. ಚೀನೀ ಸೈನಿಕರನ್ನು ಹೀಯಾಳಿಸಿ ಬರೆದದ್ದೂ ಜಾಸ್ತಿ. ನನ್ನದರಲ್ಲಿ ಮನುಷ್ಯರೇ ಕಾಣುವುದಿಲ್ಲ, ಅದಕ್ಕೇ ಕೊಂಡೆ.

ಈಗ ತೊಂದರೆ. ನಡುವಿನ ಹಾಳೆಯ ಹಿಂದೆ ಯಾರೋ ಸೆಲೊಟೇಪ್ ಅಂಟಿಸಿದ್ದಾರೆ, ಕಂದು ಕಲೆ ಮುಂದಕ್ಕೂ ಇಳಿದಿದೆ. ಮನೆಯಲ್ಲಿ ಕೀಳಲು ಧೈರ್ಯವಿಲ್ಲ. ಬೆಂಗಳೂರಿನಲ್ಲಿ ಹಳೆ ಕಾಗದ ರಿಪೇರಿ ಮಾಡುವ ನುರಿತವರು ಯಾರಾದರೂ ಗೊತ್ತಾ? ಇನ್ನೊಂದು, ಎಡ ಅಂಚಿನಲ್ಲಿ ಪ್ರಕಾಶಕರ ವಿಳಾಸ, ಮೇಜಿ 27 (ಚಕ್ರವರ್ತಿಯ ಆಳ್ವಿಕೆಯಿಂದ ಎಣಿಸುವ ಜಪಾನಿ ಲೆಕ್ಕ) ಎಂಬ ವರ್ಷ ಇದೆ. ಅಂದರೆ 1894. ಉಳಿದ ಅಕ್ಷರ ನನಗೆ ಓದಲು ಬರುತ್ತಿಲ್ಲ. ಹಳೆ ಜಪಾನಿ ಲಿಪಿ ಬಲ್ಲವರು ಇದ್ದರೆ ಫೋಟೊ ಕಳಿಸುತ್ತೇನೆ. ಮರುಮುದ್ರಣವೋ ಅಸಲಿಯೋ ಅಂತ ಗುರುತಿಸುವುದು ಹೇಗೆಂದೂ ತಿಳಿಸಿ. ಫ್ರೇಮ್ ಹಾಕಿಸುವುದು ಆಮೇಲೆ.